ಹೆಸರಾಂತ ಮೆಲೋಡಿಕ್ ಡೆತ್ ಮೆಟಲ್ (ಅಬ್ಬರದ ಡೆತ್ ಮೆಟಲ್‌ಗೆ ಇಂಪಾದ ಗಿಟಾರ್ ಧಾಟಿಗಳನ್ನು ಬೆರೆಸಿದ ಸಂಗೀತ ಶೈಲಿ) ಆಲ್ಬಮ್‌ಗಳನ್ನೂ ಮೀರಿಸುವ, ಹೆಚ್ಚು ಜನ ಕೇಳದ ಆಲ್ಬಮ್ ಯಾವುದು?

ಸ್ವೀಡನ್ನಿನ ಯೂಕರಿಸ್ಟ್ ತಂಡದ ‘ಎ ವೆಲ್ವೆಟ್ ಕ್ರಿಯೇಷನ್’ (1993). ಎಲ್ಲರೂ ಹೊಗಳುವ, ಅಟ್ ದಿ ಗೇಟ್ಸ್ ತಂಡದ ‘ಸ್ಲಾಟರ್ ಆಫ್ ದಿ ಸೋಲ್’ ಆಲ್ಬಮ್‌ಗಿಂತ ಇದು ಎರಡು ವರ್ಷ ಮೊದಲೇ ಬಂದಿತು, ನನ್ನ ಕಿವಿಗೆ ಅದಕ್ಕಿಂತ ಆಳವಾಗಿಯೂ ಇದೆ.

ಗುಟ್ಟಿರುವುದು ಗಿಟಾರ್‌ಗಳಲ್ಲಿ. ಈ ಶೈಲಿಯಲ್ಲಿ ಸಾಮಾನ್ಯವಾಗಿ ಒಂದು ಗಿಟಾರ್ ಮಾಧುರ್ಯವನ್ನು ನುಡಿಸಿದರೆ ಇನ್ನೊಂದು ಅದಕ್ಕೆ ಆಸರೆಯಾಗುತ್ತದೆ. ಇಲ್ಲಿ ಎರಡೂ ತಮ್ಮ ತಮ್ಮ ಧಾಟಿಯನ್ನು ಹಿಡಿದು, ಜಡೆಯ ಎಳೆಗಳಂತೆ ಹೆಣೆದುಕೊಳ್ಳುತ್ತವೆ. ಹಾಗಾಗಿ ಗಂಟಲು ಸೀಳುವ ಗಾಯನದ ಕೆಳಗೆ ಒಂದು ವಿಷಾದ ನಿರಂತರವಾಗಿ ಹರಿಯುತ್ತಲೇ ಇರುತ್ತದೆ. ಡ್ರಮ್ಸ್ ನುಡಿಸಿದವರು ಡೇನಿಯಲ್ ಎರ್ಲಾಂಡ್ಸನ್. ಮುಂದೆ ಆರ್ಚ್ ಎನಿಮಿ ತಂಡದಲ್ಲಿ ಪ್ರಸಿದ್ಧರಾದವರು.

ಯೂಕರಿಸ್ಟ್‌ನ ಎರಡನೆಯ ಆಲ್ಬಮ್ ಬಂದದ್ದು 1997ರಲ್ಲಿ. ಅಷ್ಟರಲ್ಲಿ ಕೀರ್ತಿಯೆಲ್ಲ ಸ್ವೀಡನ್ನಿನದೇ ಗೋಥೆನ್‌ಬರ್ಗ್ ನಗರದ ತಂಡಗಳ ಪಾಲಾಗಿತ್ತು.