‘ನೀ ಶಾಣ್ಯಾಕಿ’ ಅಂದರೂ ಮಗಳು ಕುಗ್ಗುವುದೇಕೆ?

ಪ್ರಶ್ನೆ: ಮಗಳು ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ, ಈಗ ಪಿಯುಸಿ ಸೈನ್ಸ್. ಫಿಸಿಕ್ಸ್ ಟೆಸ್ಟಿನಲ್ಲಿ ಅಂಕ ಕಡಿಮೆ ಬಂದಾಗಿನಿಂದ ‘ನಾ ದಡ್ಡಿ, ನನ್ನ ತಲೀಗೆ ಏನೂ ಹತ್ತಂಗಿಲ್ಲ’ ಅಂತಾಳೆ. ‘ಹಂಗ್ಯಾಕಂತಿ, ನೀ ಶಾಣ್ಯಾಕಿ ಅದಿ’ ಅಂದರೆ ಸಿಟ್ಟಾಗಿ ಎದ್ದು ಹೋಗತಾಳೆ. ಏನು ಮಾಡಲಿ?
– ಒಬ್ಬ ತಾಯಿ, ಜಮಖಂಡಿ

ಉತ್ತರ: ಸದ್ಯಕ್ಕೆ ಹೊಗಳಿಕೆ ನಿಲ್ಲಿಸಿ. ತನ್ನನ್ನೇ ಕೀಳಾಗಿ ಕಾಣುತ್ತಿರುವವರಿಗೆ ‘ಶಾಣ್ಯಾಕಿ’ ಅಂದರೆ, ‘ಹಾಗಾದರೆ ಅಂಕ ಯಾಕೆ ಬರಲಿಲ್ಲ?’ ಎಂದು ಒಳಗಿನ ದನಿ ತಿರುಗಿ ವಾದಕ್ಕೆ ನಿಲ್ಲುತ್ತದೆ. ಮಗಳ ಸಿಟ್ಟು ನಿಮ್ಮ ಮೇಲಲ್ಲ.

‘ದಡ್ಡಿ’ ಎಂಬ ಹಣೆಪಟ್ಟಿಯನ್ನು ಪರೀಕ್ಷಿಸಿ ನೋಡಬಹುದಾದ ಮಾತಿಗೆ ಇಳಿಸಬೇಕು. ಸಂಜೆ ಹತ್ತು ನಿಮಿಷ, ಒಂದು ನೋಟ್‌ಬುಕ್ ಸಾಕು. ಮನಸ್ಸು ಅಂದ ಮಾತನ್ನು ಅವಳ ಭಾಷೆಯಲ್ಲೇ ಬರೆಯಲಿ. ಪಕ್ಕದಲ್ಲಿ, ಅದಕ್ಕೂ ಮುಂಚೆ ನಡೆದದ್ದೇನು. ಕೆಳಗೆ, ಆ ಮಾತಿಗೆ ಇರುವ ಸಾಕ್ಷಿ ಮತ್ತು ವಿರುದ್ಧದ ಸಾಕ್ಷಿ. ಕೊನೆಗೆ, ಗೆಳತಿಗೆ ಹೀಗಾಗಿದ್ದರೆ ತಾನು ಏನು ಹೇಳುತ್ತಿದ್ದಳೋ ಆ ವಾಕ್ಯ. ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ರೂಪಿಸಿದ, ಯೋಚನೆಗಳನ್ನು ಪರೀಕ್ಷಿಸಿ ತಿದ್ದಿಕೊಳ್ಳುವ ಚಿಕಿತ್ಸೆಯಿಂದ ಬಂದ ಪದ್ಧತಿ ಇದು.

ನಿಮ್ಮ ಮಗಳ ತೊಡಕು ಬಹುಶಃ ಭಾಷೆಯದು. ‘ವೇಗೋತ್ಕರ್ಷ’ ಕಲಿತವಳಿಗೆ ‘ಆಕ್ಸಲರೇಶನ್’ ಹೊಸ ಪದ, ಹೊಸ ಪಾಠವಲ್ಲ. ಐದು ಲೆಕ್ಕದ ಪ್ರಶ್ನೆಗಳನ್ನು ಕನ್ನಡದಲ್ಲಿ ಬರೆದುಕೊಂಡು ಬಿಡಿಸಲಿ. ಎರಡು ಬಂದರೂ ‘ಏನೂ ಹತ್ತಂಗಿಲ್ಲ’ ಎಂಬುದು ಸುಳ್ಳಾಯಿತು. ಒಂದೂ ಬರದಿದ್ದರೆ ಯಾವ ಸಾಲಿನಲ್ಲಿ ನಿಂತಿತೋ ಅಲ್ಲಿ ಗುರುತು ಹಾಕಿ, ಕಾಲೇಜಿನ ಸರ್‌ಗೆ ಅದನ್ನೇ ತೋರಿಸಲಿ.

ಹಾಸಿಗೆಯಲ್ಲಿ ಕೂತು ಬರೆದರೆ ಈ ನೋಟ್‌ಬುಕ್ ಪದ್ಧತಿ ಕೆಡುತ್ತದೆ: ರಾತ್ರಿಯಿಡೀ ಅದೇ ಮೆಲುಕು. ‘ನಾನೇ ಫಸ್ಟ್ ಬರ್ತೀನಿ’ ಎಂದು ಬರೆದರೂ ಅಷ್ಟೇ, ನಂಬಲಾಗದ ವಾಕ್ಯ ಒಳಗೆ ಇಳಿಯುವುದಿಲ್ಲ. ಆ ನೋಟ್‌ಬುಕ್ ನೀವು ಕದ್ದು ಓದಿದರಂತೂ ಮರುದಿನದಿಂದ ಅದರಲ್ಲಿ ನಿಜ ಇರುವುದಿಲ್ಲ. ಓಣಿಯ ಹುಡುಗಿಯ ಪರ್ಸೆಂಟೇಜೂ ಮನೆಯೊಳಗೆ ಬೇಡ.

ಎರಡು ವಾರ ದಿನವೂ ಮಂಕಾಗಿದ್ದರೆ, ಊಟ ನಿದ್ದೆ ತಪ್ಪಿದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ. ‘ಬದುಕೂದ ಬ್ಯಾಡ’ ಅಂದರೆ ಕಾಯಬೇಡಿ, ಒಬ್ಬಳನ್ನೇ ಬಿಡಬೇಡಿ; ‘ಸಾಯಬೇಕು ಅನಸೇದೇನವ್ವಾ?’ ಎಂದು ನೇರವಾಗಿಯೇ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗಲೂ ಫೋನ್ ಮಾಡಬಹುದು. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.