ಲೈಸೆನ್ಸ್‌ಗಿಂತ ಮೊದಲು ಲಾಗ್‌ಬುಕ್

ನೋಡು ತಂಗಿ, ದಾವಣಗೆರೆ ಹುಡುಗಿ ಅಂದಿದ್ದಕ್ಕೆ ಸ್ವಲ್ಪ ಉದ್ದಾನೇ ಬರೀತಿದೀನಿ. ಬೆಂಗಳೂರಲ್ಲಿ ಎಎಂಇ (ವಿಮಾನ ನಿರ್ವಹಣೆ ಇಂಜಿನಿಯರಿಂಗ್) ಓದಿ ಹ್ಯಾಂಗರ್‌ನಲ್ಲಿ ಒಂದು ವರ್ಷ ಆಯ್ತು, ನಮ್ಮ ವಿಮಾನಯಾನ ಇಲಾಖೆ ಡಿಜಿಸಿಎ ಕೊಡೋ ಲೈಸೆನ್ಸ್ ಜರ್ಮನಿಯಲ್ಲಿ ನಡೆಯುತ್ತಾ, ಗಂಡಸರ ಮಧ್ಯೆ ಭಾರದ ಕೆಲಸ, ನೈಟ್ ಶಿಫ್ಟ್ ನಿಭಾಯಿಸಬಹುದಾ ಅಂತ ಕೇಳಿದೀಯ.

ಲೈಸೆನ್ಸ್ ನಡೆಯಲ್ಲ. ನಮ್ಮ ಲೈಸೆನ್ಸಿನ ನಿಯಮ ಕಾರ್-66 (CAR-66), ಯುರೋಪಿನ ನಿಯಮ ಪಾರ್ಟ್-66ರ ಅಚ್ಚಲ್ಲೇ ಇದ್ದರೂ ನೇರವಾಗಿ ಬದಲಾಯಿಸಿ ಕೊಡಲ್ಲ. ಮಾಡ್ಯೂಲ್, ಅಂದರೆ ಒಂದೊಂದು ವಿಷಯದ ಪರೀಕ್ಷೆ ಮತ್ತೆ ಬರೀಬೇಕು: ಪಾಸಿಗೆ ಶೇ. 75, ಒಂದು ಆಬ್ಜೆಕ್ಟಿವ್ ಪ್ರಶ್ನೆಗೆ ಸಿಗೋದು ಸರಾಸರಿ 75 ಸೆಕೆಂಡ್. ಎಲ್ಲಾ ಮಾಡ್ಯೂಲ್ 10 ವರ್ಷದೊಳಗೆ ಮುಗೀಬೇಕು. ಬ್ರಿಟನ್ 2021ರಿಂದ ಯುರೋಪಿನ ಈ ವ್ಯವಸ್ಥೆಯಿಂದ ಹೊರಗೆ, ಅಲ್ಲಿಯ ಪರೀಕ್ಷೆ ಬರೆದು ಜರ್ಮನಿಗೆ ಅರ್ಜಿ ಹಾಕಿದ್ರೆ ದುಡ್ಡು ನೀರಿಗೆ ಹಾಕಿದ ಹಾಗೆ.

ಪರೀಕ್ಷೆ ಹೆಂಗೋ ಆಗುತ್ತೆ. ಹುಡುಗಿಯರು ಸಿಕ್ಕಿಹಾಕಿಕೊಳ್ಳೋದು ಅನುಭವದ ಲೆಕ್ಕದಲ್ಲಿ. ಬಿ1.1ಕ್ಕೆ, ಅಂದರೆ ಟರ್ಬೈನ್ ಇಂಜಿನ್ ವಿಮಾನಗಳ ಮೆಕ್ಯಾನಿಕಲ್ ಲೈಸೆನ್ಸಿಗೆ, ನಿನ್ನ ಕಾಲೇಜಿಗೆ ಯುರೋಪಿನ ಪಾರ್ಟ್-147 (ತರಬೇತಿ ಸಂಸ್ಥೆಯ) ಮಾನ್ಯತೆ ಇದ್ದರೆ 2 ವರ್ಷ ಸಾಕು, ಇಲ್ಲದಿದ್ದರೆ 3 ಅಥವಾ 5. ಅದೂ ವಿಮಾನದ ಮೇಲೆ ಕೈಯಾರೆ ಮಾಡಿದ ಕೆಲಸ. "ನಿನ್ನ ಅಕ್ಷರ ಚೆನ್ನಾಗಿದೆ, ರೆಕಾರ್ಡ್ಸ್‌ಗೆ ಬಾ" ಅಂತ ನಯವಾಗಿ ಕರೀತಾರಲ್ಲ, ಅಲ್ಲೇ ಇರೋದು ಗುಂಡಿ. ರೆಕಾರ್ಡ್ಸ್, ಸ್ಟೋರ್ಸ್, ಪ್ಲಾನಿಂಗ್‌ನಲ್ಲಿ ಕಳೆದ ವರ್ಷ ಇದಕ್ಕೆ ಸೇರಲ್ಲ.

ಆ ಅನುಭವಕ್ಕೆ ಸಾಕ್ಷಿ ನಿನ್ನ ಲಾಗ್‌ಬುಕ್. ಅದರಲ್ಲಿ "ಲ್ಯಾಂಡಿಂಗ್ ಗೇರ್ ಕೆಲಸ" ಅಂತ ಬರೆದರೆ ಯಾರೂ ಮೂಸಿ ನೋಡಲ್ಲ. ದಿನಾಂಕ, ವಿಮಾನದ ರಿಜಿಸ್ಟ್ರೇಷನ್, ಎಟಿಎ ಚಾಪ್ಟರ್ (ವಿಮಾನದ ಯಾವ ಭಾಗ ಅಂತ ಹೇಳೋ ಅಂಕಿ), ಮ್ಯಾನ್ಯುಯಲ್ ಟಾಸ್ಕ್ ನಂಬರ್, ಜಾಬ್ ಕಾರ್ಡ್ ನಂಬರ್, ನೀನು ಬಿಚ್ಚಿದೆಯಾ, ಕೂರಿಸಿದೆಯಾ, ಟೆಸ್ಟ್ ಮಾಡಿದೆಯಾ ಎಲ್ಲಾ ಇರಬೇಕು: "32-41, 3ನೇ ಮೇನ್ ವೀಲ್ ಬದಲಾವಣೆ" ಅನ್ನೋ ಹಾಗೆ. ಕೆಳಗೆ ಇಂಜಿನಿಯರ್ ಸಹಿ, ಅವರ ಲೈಸೆನ್ಸ್ ನಂಬರ್. ಸಹಿ ವಾರವಾರ ಹಾಕಿಸು. ವರ್ಷದ ಕೊನೆಗೆ ಹುಡುಕುವಾಗ ಆ ಮನುಷ್ಯ ಗಲ್ಫ್‌ನಲ್ಲಿರ್ತಾನೆ. ಕೈ ಸಣ್ಣದು ಅಂತ ಇಕ್ಕಟ್ಟಿನ ಕೆಲಸವೆಲ್ಲ ನಿನ್ನ ತಲೆಗೇ ಕಟ್ತಾರೆ. ಮಾಡು, ಬಿಡದೆ ಸಹಿ ತಗೋ.

ಭಾರದ ಭಯ ಬಿಡು. ಚಕ್ರ ಎತ್ತೋದಕ್ಕೆ ಡಾಲಿ ಇದೆ, ವಿಮಾನ ಎತ್ತೋದಕ್ಕೆ ಜಾಕ್ ಇದೆ. ಆಕ್ಸಲ್ ನಟ್‌ಗೆ ಬೇಕಾಗಿರೋದು ತೋಳಿನ ಬಲಕ್ಕಿಂತ ತಾಳ್ಮೆ: ಚಕ್ರ ತಿರುಗಿಸ್ತಾ ಮೊದಲ ಟಾರ್ಕ್ (ಅಳೆದು ಕೊಡೋ ಬಿಗಿತ) ಕೊಟ್ಟು ಬೇರಿಂಗ್ ಕೂರಿಸಬೇಕು, ಸಡಿಲಿಸಬೇಕು, ತಿರುಗಿಸ್ತಾನೇ ಕೊನೆಯ ಟಾರ್ಕ್ ಕೊಡಬೇಕು. ಚಕ್ರ ತಿರುಗಿಸದೆ ಬಿಗಿದರೆ ಬೇರಿಂಗ್ ಓರೆಯಾಗಿ ಕೂತು ಆಮೇಲೆ ಸಡಿಲಾಗುತ್ತೆ. ರೆಂಚ್ "ಕ್ಲಿಕ್" ಅಂದಾಗ ನಿಲ್ಲಿಸು. ಗಟ್ಟಿಗ ಅನ್ನಿಸಿಕೊಳ್ಳೋಕೆ ಇನ್ನೊಂದು ಸಲ ಎಳೆಯೋ ಗಂಡಸರನ್ನ ನೋಡಿ ಕಲೀಬೇಡ.

ಬಳೆ, ಉಂಗುರ, ತಾಳಿ ಲಾಕರ್‌ನಲ್ಲಿ. ಉಂಗುರ ಸಿಕ್ಕಿಕೊಂಡರೆ ಬೆರಳಿನ ಚರ್ಮಾನೇ ಕಿತ್ತು ಬರುತ್ತೆ. 24 ವೋಲ್ಟ್ ಬ್ಯಾಟರಿಗೆ ತಗುಲಿದ್ರೆ ಕಾದ ಕಬ್ಬಿಣ ಆಗುತ್ತೆ. ಅತ್ತೆ ಕೇಳಿದರೆ ಇಷ್ಟೇ ಹೇಳು. ಕಾಲುಂಗುರ ಶೂ ಒಳಗಿರುತ್ತೆ, ಅದಕ್ಕೆ ತಕರಾರಿಲ್ಲ. ಹೇರ್‌ಪಿನ್ ಬೇಡ, ಒಂದು ಬಿದ್ದರೂ ಇಂಜಿನ್ ಹತ್ತಿರ ಹುಡುಕಾಟ ಶುರು; ಬಟ್ಟೆಯ ರಬ್ಬರ್ ಬ್ಯಾಂಡ್ ಹಾಕು. ಹಾರ್ನೆಸ್, ಗ್ಲೌಸ್ ಗಂಡಸರ ಅಳತೆಯದ್ದು ಕೊಟ್ಟರೆ ಬೇಡ ಅನ್ನು. ಸಡಿಲ ಹಾರ್ನೆಸ್ ಬಿದ್ದಾಗ ಹಿಡಿಯಲ್ಲ. ಹೈಡ್ರಾಲಿಕ್ ಎಣ್ಣೆ, ಅಂದರೆ ಸ್ಕೈಡ್ರೋಲ್, ಮುಟ್ಟಿದ ಮೇಲೆ ಟಾಯ್ಲೆಟ್‌ಗೆ ಹೋಗೋ ಮೊದಲು ಕೈ ತೊಳಿ. ಆಮೇಲಲ್ಲ, ಮೊದಲು. ಉರಿ ಯಾಕೆ ಅಂತ ಬಿಡಿಸಿ ಹೇಳೋದು ಬೇಡ.

ನೈಟ್ ಶಿಫ್ಟ್ ತಪ್ಪಲ್ಲ, ಲೈನ್ ಮೇಂಟೆನೆನ್ಸ್, ಅಂದರೆ ಹಾರಾಟಗಳ ನಡುವಿನ ತಪಾಸಣೆ-ರಿಪೇರಿ, ನಡೆಯೋದೇ ಬಹುಪಾಲು ರಾತ್ರಿ. ಬಸುರಿ ಅಂತ ತಿಳಿಸಿದ ಮೇಲೆ ಜರ್ಮನ್ ಕಾನೂನಿನಂತೆ ಸಾಮಾನ್ಯವಾಗಿ ರಾತ್ರಿ 8ರ ನಂತರ ನಿನ್ನ ಒಪ್ಪಿಗೆ ಇಲ್ಲದೆ, 10ರ ನಂತರ ಒಪ್ಪಿದರೂ ಕೆಲಸ ಕೊಡೋಹಾಗಿಲ್ಲ. ಫ್ಯೂಯೆಲ್ ಟ್ಯಾಂಕ್, ಕೆಮಿಕಲ್‌ನಿಂದಲೂ ದೂರ. ಹೆರಿಗೆಗೆ 6 ವಾರ ಮೊದಲು, 8 ವಾರ ಆಮೇಲೆ ರಜೆ. ಆದರೆ ಲೈಸೆನ್ಸ್ ಬಳಸಿ ಸಹಿ ಹಾಕೋಕೆ ಹಿಂದಿನ 2 ವರ್ಷದಲ್ಲಿ 6 ತಿಂಗಳ ಅನುಭವ ಬೇಕು. ದೀರ್ಘ ರಜೆ ಹಾಕೋವಾಗ ಆ ಲೆಕ್ಕ ನೋಡ್ಕೊ.

ಏರ್‌ಪೋರ್ಟ್ ಪಾಸ್‌ಗೆ ಹಿಂದಿನ 5 ವರ್ಷ ಜಾಲಾಡ್ತಾರೆ. ಓದು, ಕೆಲಸದ ಮಧ್ಯೆ 28 ದಿನಕ್ಕಿಂತ ಹೆಚ್ಚು ಖಾಲಿ ಇದ್ದರೆ ಕಾರಣ ಕೇಳ್ತಾರೆ, ಊರಲ್ಲಿ ಸುಮ್ನೆ ಇದ್ದ ತಿಂಗಳುಗಳನ್ನೂ ಬರೆದಿಡು. ಪಾಸ್‌ಪೋರ್ಟ್ ಸೇವಾ ಮೂಲಕ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟನ್ನ ದಾವಣಗೆರೆ ಬಿಡೋ ಮೊದಲೇ ಮಾಡಿಸ್ಕೊ.