ವರ್ಲ್ಡ್ ಆಫ್ ವಾರ್‌ಕ್ರಾಫ್ಟ್: ಹೋರ್ಡ್ ಕಡೆಯವರಿಗೆ ಎಮೋಟ್ ಅರ್ಥವಾಗುತ್ತಿಲ್ಲ

ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆನ್‌ಲೈನ್ ಆಟದಲ್ಲಿ ನಿಮ್ಮ ಎಮೋಟ್, ಅಂದರೆ ಚಾಟ್ ಕಮಾಂಡ್‌ನಿಂದ ಪಾತ್ರ ತೋರಿಸುವ ಸನ್ನೆ ಅಥವಾ ಭಾವ, ಹೋರ್ಡ್ ಪಕ್ಷದ ಆಟಗಾರರಿಗೆ ಏಕೆ ಅರ್ಥವಾಗುತ್ತಿಲ್ಲ ಎಂದು ಕೇಳಿದ್ದೀರಿ. ನೀವು ಬಹುಶಃ ಚಾಟ್‌ನಲ್ಲಿ ಸ್ಲ್ಯಾಶ್ ಇ (/e) ಹಾಕಿ ನಿಮ್ಮದೇ ವಾಕ್ಯ ಟೈಪ್ ಮಾಡಿದ್ದೀರಿ. ಕಮಾಂಡ್ ಯಾವುದೆಂದು ಬರೆದಿಲ್ಲ, ಹಾಗಾಗಿ ಇದು ಊಹೆ. ಆದರೆ ಎದುರಿನವರಿಗೆ 'ಏನೋ ವಿಚಿತ್ರ ಸನ್ನೆ ಮಾಡುತ್ತಿದ್ದಾರೆ' ಅಂತ ಕಂಡಿತು ಎಂದಿದ್ದೀರಲ್ಲ, ಅದು ಇದರದೇ ಗುರುತು. ನೀವು ಅಲಯನ್ಸ್, ಅವರು ಹೋರ್ಡ್; ಇವು ಆಟದ ಎರಡು ಎದುರಾಳಿ ಪಕ್ಷಗಳು. ಸ್ವಂತ ವಾಕ್ಯದ ಎಮೋಟ್ ನಿಮ್ಮ ಪಕ್ಷದವರಿಗೆ ಮಾತ್ರ ಓದಲು ಸಿಗುತ್ತದೆ.

ಮೊದಲು ಆ ಆಟಗಾರರ ಮೇಲೆ ಕ್ಲಿಕ್ ಮಾಡಿ ಟಾರ್ಗೆಟ್ ಮಾಡಿ. ಆಮೇಲೆ ಚಾಟ್‌ನಲ್ಲಿ ಸ್ಲ್ಯಾಶ್ ಹಾಕಿ ವೇವ್ (ಕೈ ಬೀಸುವುದು), ಬೋ (ತಲೆಬಾಗುವುದು) ಅಥವಾ ಸಲ್ಯೂಟ್ ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ, ಎಂಟರ್ ಒತ್ತಿ. ಇವು ಆಟದೊಳಗೇ ಇರುವ ಎಮೋಟ್‌ಗಳು, ಎರಡೂ ಪಕ್ಷದವರಿಗೆ ಅರ್ಥವಾಗುತ್ತವೆ. ಟಾರ್ಗೆಟ್ ಮರೆತರೆ ಸುಮ್ನೆ ಗಾಳಿಗೆ ಕೈ ಬೀಸಿದ ಹಾಗೆ ಆಗುತ್ತದೆ, ಯಾರಿಗೆ ಅಂತ ಗೊತ್ತಾಗಲ್ಲ.

ಹಗ್ (ಅಪ್ಪುಗೆ) ಎಮೋಟ್ ಹಾಕಿದಾಗ ಪಾತ್ರ ಅಲುಗಾಡದಿದ್ದರೆ ಗಾಬರಿ ಬೇಡ. ಅದಕ್ಕೆ ಚಲನೆ ಇಲ್ಲ, ಚಾಟ್‌ನಲ್ಲಿ ಒಂದು ಸಾಲು ಮಾತ್ರ ಬರುತ್ತದೆ.

ಹೋರ್ಡ್ ಜೊತೆ ಕಥೆ ಕಟ್ಟಬೇಕೆಂದರೆ ನನಗೆ ಜಾಸ್ತಿ ಇಷ್ಟವಾದ ದಾರಿ ಇದು: ಮೊದಲು ಬೋ, ಆಮೇಲೆ ಸಿಟ್. ಎದುರಿನವರೂ ಕೂತರೆ, ಜಗಳ ಬೇಡ ಅನ್ನುವುದು ಮಾತಿಲ್ಲದೆಯೇ ತಿಳಿಯುತ್ತದೆ. ಅದರ ಖುಷಿಯೇ ಬೇರೆ.